ಆನೆಕಾಲು ರೋಗದ ಹುಳು: ಪ್ರಯೋಗಾಲಯಕ್ಕೆ ಹಣವೋ, ಪಡಸಾಲೆಗೆ ಹಣವೋ?

ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನ ವಿದ್ಯಾರ್ಥಿನಿಯೊಬ್ಬಳು ಒಂದು ಸಂಜೆ ಪ್ರಯೋಗಾಲಯಕ್ಕೆ ಬೀಗ ಹಾಕುವ ಹೊತ್ತಿಗೆ ಬಂದು, "ಮೇಡಂ, ಪಿಎಚ್.ಡಿ.ಗೆ ಆನೆಕಾಲು ರೋಗದ ಹುಳುವನ್ನೇ ತಗೊಳ್ಳಲಾ? ರೋಗವೇ ಮುಗೀತಾ ಬಂತು, ಆಮೇಲೆ ಏನು ಮಾಡ್ತೀಯ ಅಂತ ಮನೇಲಿ ಕೇಳ್ತಿದಾರೆ" ಎಂದಳು. ಭಾರತ ಈ ರೋಗದ ನಿರ್ಮೂಲನೆಗೆ 2027ರ ಗಡುವು ಹಾಕಿಕೊಂಡಿದೆ. ಹೀಗಿರುವಾಗ ಬೆಂಗಳೂರಿನಂಥ ಊರಿನ ಸುಸಜ್ಜಿತ ಪ್ರಯೋಗಾಲಯಗಳು ಈ ಹುಳುವಿನ ಮೂಲ ಸಂಶೋಧನೆಗೆ ಹಣವನ್ನೂ ಎಳೆಯರ ಆಯಸ್ಸನ್ನೂ ತೊಡಗಿಸಬೇಕೇ ಎಂಬುದು ಅವಳ ಪ್ರಶ್ನೆಯ ತಿರುಳು. ನಾನು ಹುಟ್ಟಿದ್ದು ಯಾದಗಿರಿ ಜಿಲ್ಲೆಯ ಶಹಾಪುರದ ಹತ್ತಿರದ ಹಳ್ಳಿಯಲ್ಲಿ. ಪ್ರಾಣಿಶಾಸ್ತ್ರ ಕಲಿಸುತ್ತಿರುವುದು ಬೆಂಗಳೂರಿನಲ್ಲಿ. ಹುಟ್ಟಿದ ಊರು ಒಂದು ಉತ್ತರ ಕೊಟ್ಟರೆ ಅನ್ನ ಕೊಟ್ಟ ವೃತ್ತಿ ಇನ್ನೊಂದು ಉತ್ತರ ಕೊಡುತ್ತದೆ. ಅವಳಿಗೆ ಆ ಸಂಜೆ ಏನೂ ಹೇಳಲಾಗಲಿಲ್ಲ. ಆಮೇಲೆ ಎರಡು ಪಕ್ಷಗಳನ್ನೂ ಬೇರೆಬೇರೆಯಾಗಿ, ಒಂದರ ಮಾತಿಗೆ ಇನ್ನೊಂದನ್ನು ಅಡ್ಡ ತರದೆ, ಬರೆದು ನೋಡಿದೆ.

ಪರ: ಹುಳುವಿನ ಅಧ್ಯಯನ ಈಗಲೇ ಆಗಬೇಕು

ನಾನು ವಿದ್ಯಾರ್ಥಿನಿಯಾಗಿದ್ದಾಗ, ಯಾದಗಿರಿ ಇನ್ನೂ ಗುಲಬರ್ಗಾ ಜಿಲ್ಲೆಯೊಳಗಿದ್ದ ಕಾಲದಲ್ಲಿ, ಆರೋಗ್ಯ ಇಲಾಖೆಯವರ ಜೊತೆ ಒಂದು ರಾತ್ರಿ ರಕ್ತ ಸಮೀಕ್ಷೆಗೆ ಹೋಗಿದ್ದೆ. ಈ ಹುಳುವಿನ ಮರಿಗಳು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ರಾತ್ರಿ ಹತ್ತರಿಂದ ಎರಡು ಗಂಟೆಯ ನಡುವೆ ಮಾತ್ರ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಆದ್ದರಿಂದ ಊಟ ಮುಗಿಸಿ ಕಟ್ಟೆಯ ಮೇಲೆ ಕೂತವರನ್ನು, ಮಲಗಿದವರನ್ನು ಎಬ್ಬಿಸಿ, ಲಾಟೀನಿನ ಬೆಳಕಿನಲ್ಲಿ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ದಪ್ಪಗೆ ರಕ್ತ ಸವರಬೇಕಾಗಿತ್ತು. ಮರುದಿನ ಆ ಪಟ್ಟಿಗಳನ್ನು ನೀರಿನಲ್ಲಿಟ್ಟು ಕೆಂಪು ಕಳೆದು, ಜೀಮ್ಸಾ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟಾಗ ಮೊದಲ ಬಾರಿ ಅದನ್ನು ಕಂಡೆ. ಕಾಲು ಮಿಲಿಮೀಟರಿನಷ್ಟು ಉದ್ದದ, ಮೆಲ್ಲನೆ ಬಾಗಿದ ಎಳೆ. ಅದರ ಮೈಯುದ್ದಕ್ಕೂ ಪೋಣಿಸಿದ ಕರಿಮಣಿಯಂತೆ ಜೀವಕೋಶಗಳ ನ್ಯೂಕ್ಲಿಯಸ್ಸುಗಳು. ತಲೆಯಿಂದಲೂ ಬಾಲದಿಂದಲೂ ಆಚೆ ಚಾಚಿಕೊಂಡ ತೆಳುವಾದ ಕವಚ. ಬಾಲದ ತುದಿ ಮಾತ್ರ ಮಣಿಗಳಿಲ್ಲದೆ ಖಾಲಿ. ಆ ಖಾಲಿ ತುದಿಯೇ ಈ ಹುಳುವಿನ, ಅಂದರೆ ವುಚೆರೇರಿಯಾ ಬ್ಯಾಂಕ್ರಾಫ್ಟಿಯ, ಗುರುತು. ಆನೆಕಾಲು ತರುವ ಇನ್ನೊಂದು ಹುಳು, ಕೇರಳದ ಚೇರ್ತಲೆಯ ಕಡೆ ಹೆಸರುವಾಸಿಯಾದ ಬ್ರುಗಿಯಾ ಮಲಾಯಿಯ ಬಾಲದಲ್ಲಾದರೆ ತುದಿಯವರೆಗೂ ಎರಡು ಮಣಿಗಳಿರುತ್ತವೆ.

ಈ ಮರಿಗಳು ಹಗಲೆಲ್ಲ ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಅಡಗಿರುತ್ತವೆ, ಕ್ಯುಲೆಕ್ಸ್ ಸೊಳ್ಳೆ ಕಚ್ಚುವ ಹೊತ್ತಿಗೆ ಸರಿಯಾಗಿ ಹೊರಗೆ ಬರುತ್ತವೆ. ಚೀನಾದ ಅಮೋಯ್ ಎಂಬಲ್ಲಿ ವೈದ್ಯನಾಗಿದ್ದ ಪ್ಯಾಟ್ರಿಕ್ ಮ್ಯಾನ್ಸನ್ 1877ರಲ್ಲಿ ಈ ಮರಿಗಳು ಸೊಳ್ಳೆಯ ಹೊಟ್ಟೆ ಸೇರಿ ಅದರ ಮೈಯೊಳಗೆ ಬೆಳೆಯುವುದನ್ನು ಕಂಡುಹಿಡಿದ. ಮನುಷ್ಯನ ರೋಗಕ್ಕೂ ಸೊಳ್ಳೆಗೂ ನಂಟಿದೆ ಎಂದು ಜಗತ್ತಿಗೆ ಮೊದಲು ತೋರಿಸಿಕೊಟ್ಟದ್ದು ಮಲೇರಿಯಾ ಅಲ್ಲ, ಈ ಹುಳು. ಅದಕ್ಕೂ ಐದು ವರ್ಷ ಮೊದಲು, 1872ರಲ್ಲಿ, ಕಲ್ಕತ್ತಾದಲ್ಲಿ ತಿಮೊಥಿ ಲೂಯಿಸ್ ಮನುಷ್ಯನ ರಕ್ತದಲ್ಲಿ ಈ ಮರಿಗಳನ್ನು ನೋಡಿದ್ದ. ಇಷ್ಟು ಹಳೆಯ ಪರಿಚಯವಿದ್ದರೂ ಮರಿಹುಳುವಿಗೆ ರಾತ್ರಿ ಯಾವುದು ಹಗಲು ಯಾವುದು ಎಂಬುದು ಹೇಗೆ ತಿಳಿಯುತ್ತದೆ ಎಂದು ಯಾರಾದರೂ ಕೇಳಿದರೆ ಪೂರ್ತಿ ಉತ್ತರ ನಮ್ಮಲ್ಲಿಲ್ಲ.

ಇದು ಬರಿಯ ಕುತೂಹಲದ ಮಾತಲ್ಲ. ರಕ್ತದಲ್ಲಿ ಕಾಣುವ ಮರಿಗಳು ಫಸಲು ಮಾತ್ರ. ಗಿಡ ಇರುವುದು ದುಗ್ಧರಸ (ಲಿಂಫ್) ನಾಳಗಳ ಒಳಗೆ. ಹೆಣ್ಣು ಹುಳು ಎಂಟರಿಂದ ಹತ್ತು ಸೆಂಟಿಮೀಟರು ಉದ್ದ, ಹೊಲಿಗೆ ದಾರದಷ್ಟು ತೆಳು. ಗಂಡು ಅದರ ಅರ್ಧಕ್ಕಿಂತ ಚಿಕ್ಕದು. ಗಂಡು ಹೆಣ್ಣು ಸುತ್ತಿಕೊಂಡು ಗೂಡು ಕಟ್ಟಿದಂತೆ ಒಂದೇ ಕಡೆ ಆರೆಂಟು ವರ್ಷ ಬದುಕುತ್ತವೆ, ಆ ಅವಧಿಯಲ್ಲಿ ಲಕ್ಷಾಂತರ ಮರಿಗಳನ್ನು ಹಾಕುತ್ತವೆ. ವೃಷಣದ ಸುತ್ತಲಿನ ನಾಳಗಳಲ್ಲಿ ಅವು ಬಿಡುವಿಲ್ಲದೆ ಹೊರಳಾಡುವುದನ್ನು ಅಲ್ಟ್ರಾಸೌಂಡ್ ಯಂತ್ರದ ಪರದೆಯ ಮೇಲೆ ಕಣ್ಣಾರೆ ನೋಡಬಹುದು. ವೈದ್ಯರು ಅದನ್ನು ಫೈಲೇರಿಯಾ ನೃತ್ಯ ಎಂದೇ ಕರೆಯುತ್ತಾರೆ; ಫೈಲೇರಿಯಾ ಎಂಬುದು ಈ ಹುಳುಗಳ ಬಳಗದ ಹೆಸರು. ನಾವು ಊರೂರಿಗೆ ಹಂಚುವ ಮಾತ್ರೆಗಳು ಮರಿಗಳನ್ನು ರಕ್ತದಿಂದ ಗುಡಿಸಿಹಾಕುತ್ತವೆ, ಹೆಣ್ಣು ಹುಳುವಿನ ಸಂತಾನಶಕ್ತಿಯನ್ನು ಬಹುಮಟ್ಟಿಗೆ ಕುಗ್ಗಿಸುತ್ತವೆ. ಆದರೆ ದೊಡ್ಡ ಹುಳುಗಳೆಲ್ಲ ಸಾಯುತ್ತವೆ ಎಂದು ಹೇಳುವಂತಿಲ್ಲ. ಮಾತ್ರೆ ನುಂಗಿ ಮರಿಗಳು ಮಾಯವಾದ ಮೇಲೂ ಎಷ್ಟೋ ಜನರ ರಕ್ತದಲ್ಲಿ ದೊಡ್ಡ ಹುಳುವಿನ ಪ್ರೋಟೀನು ಪರೀಕ್ಷಾ ಪಟ್ಟಿಗೆ ಸಿಗುತ್ತಲೇ ಇರುತ್ತದೆ. ವರ್ಷವರ್ಷವೂ ಇಡೀ ಜಿಲ್ಲೆಗೆ ಜಿಲ್ಲೆಯೇ ಮಾತ್ರೆ ನುಂಗಬೇಕಾಗಿ ಬಂದಿರುವುದು ಇದೇ ಕಾರಣಕ್ಕೆ.

ಆ ಮಾತ್ರೆಗಳಲ್ಲಿ ಮೊದಲನೆಯದಾದ ಡಿಇಸಿಯನ್ನು 1947ರಲ್ಲಿ ಬೆಳಕಿಗೆ ತಂದದ್ದು ಅಮೆರಿಕದ ಲೆಡರ್ಲಿ ಪ್ರಯೋಗಾಲಯ. ಅಲ್ಲಿ ಸಂಶೋಧನೆಯ ಮುಂದಾಳಾಗಿದ್ದವರು ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮುಕ್ಕಾಲು ಶತಮಾನ ದಾಟಿದರೂ ಆ ಔಷಧ ಮರಿಹುಳುವನ್ನು ಕೊಲ್ಲುವ ಬಗೆ ಪೂರ್ತಿ ಇತ್ಯರ್ಥವಾಗಿಲ್ಲ. ಇನ್ನು ಅಲ್ಬೆಂಡಜೋಲ್ ವರ್ಗದ ಔಷಧಗಳಿಗೆ ಬಗ್ಗದಿರುವ ಶಕ್ತಿ ಕೊಡುವಂಥ ಜೀನ್ ಬದಲಾವಣೆ ಕುರಿ ಮೇಕೆಗಳ ಹುಳುಗಳಲ್ಲಿ ಎಂದೋ ಹರಡಿದೆ. ಅದೇ ಬದಲಾವಣೆ ಪಶ್ಚಿಮ ಆಫ್ರಿಕಾದಿಂದ ತಂದ ಮನುಷ್ಯನ ಹುಳುವಿನ ಮಾದರಿಗಳಲ್ಲೂ ಕಂಡದ್ದು ವರದಿಯಾಗಿದೆ. ಕೋಟಿಗಟ್ಟಲೆ ಜನರಿಗೆ ಇರುವುದು ಮೂರೇ ಔಷಧ: ಡಿಇಸಿ, ಅಲ್ಬೆಂಡಜೋಲ್, ಐವರ್ಮೆಕ್ಟಿನ್. ಅವುಗಳಲ್ಲೊಂದು ಕೈಕೊಟ್ಟ ದಿನ ಹೊಸದನ್ನು ಹುಡುಕಲು ಹೊರಟರೆ ಆ ಹುಡುಕಾಟಕ್ಕೆ ಹತ್ತಾರು ವರ್ಷ ಹಿಡಿಯುತ್ತದೆ.

ಮೂಲ ಸಂಶೋಧನೆ ಏನು ಕೊಡಬಲ್ಲದು ಎಂಬುದಕ್ಕೆ ವೊಲ್ಬಾಕಿಯಾದ ಕತೆಗಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. 1970ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಫೈಲೇರಿಯಾ ಹುಳುಗಳ ಒಡಲನ್ನು ನೋಡುತ್ತಿದ್ದವರಿಗೆ ಜೀವಕೋಶಗಳ ಒಳಗೆ ಬ್ಯಾಕ್ಟೀರಿಯಾದಂಥ ಸಣ್ಣ ಕಾಯಗಳು ಕಂಡವು. ಅವುಗಳಿಂದ ಏನು ಉಪಯೋಗ ಎಂದು ಆಗ ಯಾರಾದರೂ ಕೇಳಿದ್ದರೆ ಅವರ ಹತ್ತಿರ ಹೇಳುವುದಕ್ಕೇನೂ ಇರಲಿಲ್ಲ. 1990ರ ದಶಕದಲ್ಲಿ ಅದು ಕೀಟಗಳಲ್ಲಿರುವ ವೊಲ್ಬಾಕಿಯಾದ ಬಳಗದ ಬ್ಯಾಕ್ಟೀರಿಯಾ ಎಂದು ತಿಳಿಯಿತು. ಅದಿಲ್ಲದೆ ಹುಳು ಮರಿ ಹಾಕಲಾರದು, ಬಹುಕಾಲ ಬದುಕಲೂ ಆರದು ಎಂದೂ ತಿಳಿಯಿತು. ಬ್ಯಾಕ್ಟೀರಿಯಾವನ್ನು ಕೊಂದರೆ ಹುಳು ತಾನಾಗಿ ಬಂಜೆಯಾಗಿ ನಿಧಾನವಾಗಿ ಸಾಯುತ್ತದೆ. ಎಲ್ಲ ಔಷಧದಂಗಡಿಗಳಲ್ಲೂ ಸಿಗುವ ಡಾಕ್ಸಿಸೈಕ್ಲಿನ್ ಈ ಕೆಲಸ ಮಾಡುತ್ತದೆ. ತೊಡಕೆಂದರೆ ಅದನ್ನು ನಾಲ್ಕರಿಂದ ಆರು ವಾರ ದಿನವೂ ನುಂಗಬೇಕು, ಬಸುರಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಕೊಡುವಂತಿಲ್ಲ. ಊರಿಗೆ ಊರೇ ನುಂಗುವ ಮಾತ್ರೆ ಅದಾಗಲಾರದು. ಕೆಲವೇ ದಿನಗಳಲ್ಲಿ ಅದೇ ಫಲ ಕೊಡುವ ಔಷಧಕ್ಕಾಗಿ ಇಂಗ್ಲೆಂಡಿನ ಲಿವರ್‌ಪೂಲಿನ ಉಷ್ಣವಲಯ ವೈದ್ಯಶಾಲೆಯ ನೇತೃತ್ವದಲ್ಲಿ 2007ರಿಂದ ಹುಡುಕಾಟ ನಡೆದಿದೆ. ಈ ಹುಳು ಹಬ್ಬಿರುವ ದೇಶಗಳಲ್ಲಿ ಅತಿ ಹೆಚ್ಚು ಹೊರೆ ಹೊತ್ತಿರುವ ನಾವು ಆ ಹುಡುಕಾಟವನ್ನು ದೂರದಿಂದ ನೋಡುತ್ತ ಕೂತಿರುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಬೆಂಗಳೂರೇ ಏಕೆ ಎಂದರೆ, ಬೇಕಾದದ್ದು ಇಲ್ಲಿದೆ. ವುಚೆರೇರಿಯಾವನ್ನು ಇಲಿ, ಮೊಲಗಳಂಥ ಸಾಮಾನ್ಯ ಪ್ರಯೋಗ ಪ್ರಾಣಿಗಳಲ್ಲಿ ಸಾಕಲು ಬರುವುದಿಲ್ಲ. ಆದ್ದರಿಂದ ಸಂಶೋಧಕರು ಬಳಸು ದಾರಿ ಹಿಡಿಯಬೇಕಾಗುತ್ತದೆ: ಜರ್ಬಿಲ್ ಎಂಬ ದಂಶಕದಲ್ಲಿ ಬೆಳೆಯುವ ಬ್ರುಗಿಯಾ ಒಂದು ದಾರಿ, ಮಣ್ಣಿನಲ್ಲಿ ಸ್ವತಂತ್ರವಾಗಿ ಬದುಕುವ ಸಿ. ಎಲೆಗನ್ಸ್ ಎಂಬ ದಾರಹುಳು ಇನ್ನೊಂದು. ಐವರ್ಮೆಕ್ಟಿನ್ ಹುಳುವಿನ ನರದಲ್ಲಿ ಯಾವ ಬಾಗಿಲನ್ನು ಹಿಡಿದು ಅದನ್ನು ನಿಶ್ಚಲಗೊಳಿಸುತ್ತದೆ ಎಂಬುದು 1994ರಲ್ಲಿ ಸಿ. ಎಲೆಗನ್ಸಿನ ಜೀನುಗಳ ಮೂಲಕವೇ ಗೊತ್ತಾಯಿತು. ಆ ಹುಳುವನ್ನು ಬಳಸಿ ದುಡಿಯುವವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾರೆ. ಜೀನ್ ಓದುವ ಯಂತ್ರಗಳು, ರಾಸಾಯನಿಕ ತಜ್ಞರು, ಸೊಳ್ಳೆಯ ಜೀನುಗಳ ಮೇಲೆ ಕೆಲಸ ಮಾಡುವ ಸಂಸ್ಥೆಗಳು ಎಲ್ಲವೂ ಹೆಬ್ಬಾಳದಿಂದ ಯಲಹಂಕದವರೆಗಿನ ಒಂದೇ ರಸ್ತೆಯ ಆಸುಪಾಸಿನಲ್ಲಿವೆ. ಬ್ರುಗಿಯಾದ ಜೀನೋಮ್ 2007ರಲ್ಲಿಯೂ ವುಚೆರೇರಿಯಾದ್ದು 2013ರಲ್ಲಿಯೂ ಪ್ರಕಟವಾಗಿ ಯಾರು ಬೇಕಾದರೂ ಓದಬಹುದಾಗಿದೆ. ಶೂನ್ಯದಿಂದ ತೊಡಗಬೇಕಾದ ಕೆಲಸವಲ್ಲ.

ರೋಗ ಕಡಿಮೆಯಾದಷ್ಟೂ ಉಳಿದದ್ದನ್ನು ಹುಡುಕುವುದು ಕಷ್ಟವಾಗುತ್ತದೆ. ನನ್ನ ವಿದ್ಯಾರ್ಥಿ ದೆಸೆಯಲ್ಲಿ ಜನರನ್ನು ನಿದ್ದೆಯಿಂದ ಎಬ್ಬಿಸಬೇಕಿತ್ತು; ಇಂದು ಫೈಲೇರಿಯಾ ಪರೀಕ್ಷಾ ಪಟ್ಟಿಯ ಮೇಲೆ ಹಗಲಿನಲ್ಲೇ ಬೆರಳಿನ ರಕ್ತ ಹಾಕಿ ಹತ್ತು ನಿಮಿಷ ಕಾದರೆ ಸಾಕು. ಆ ಪಟ್ಟಿ ಮೂಲ ಸಂಶೋಧನೆಯ ಕೂಸು. ಬ್ರುಗಿಯಾಕ್ಕೆ ಅಂಥ ಪ್ರೋಟೀನು ಹಿಡಿಯುವ ಪಟ್ಟಿ ಬಳಕೆಯಲ್ಲಿಲ್ಲ. ಶ್ರೀಲಂಕಾ 2016ರಲ್ಲಿ ನಿರ್ಮೂಲನೆಯ ಮನ್ನಣೆ ಪಡೆದ ದೇಶ. ಅಲ್ಲಿಯೂ ಗಾಲೆಯ ಕರಾವಳಿಯ ಸೊಳ್ಳೆಗಳನ್ನು ಹಿಡಿದು ಪರೀಕ್ಷಿಸಿದಾಗ ಹುಳುವಿನ ಡಿಎನ್ಎ ಅಲ್ಲಲ್ಲಿ ಉಳಿದಿರುವುದು ಗೊತ್ತಾಯಿತು. ಇಂಥ ಕಾವಲು ಕಾಯುವವರು ಯಾರು? ಲಾಭವಿಲ್ಲದ ಕಡೆ ಔಷಧ ಕಂಪನಿಗಳು ಬರುವುದಿಲ್ಲ. ಹಳಬರು ನಿವೃತ್ತರಾದರು, ಹೊಸಬರು ಕ್ಯಾನ್ಸರಿಗೂ ಮಧುಮೇಹಕ್ಕೂ ಹೋದರು ಎಂದಾದರೆ, ಗಾಜಿನ ಪಟ್ಟಿಯ ಮೇಲಿನ ಆ ಖಾಲಿ ಬಾಲವನ್ನು ನೋಡಿ ಹೆಸರು ಹೇಳಬಲ್ಲವರೇ ಇಲ್ಲದ ದಿನ ಬರುತ್ತದೆ. ಹುಳು ಅಷ್ಟರಲ್ಲಿ ಹೋಗಿರುತ್ತದೆ ಎಂಬ ಭರವಸೆಯನ್ನು ಯಾರೂ ಕೊಟ್ಟಿಲ್ಲ.

ವಿರೋಧ: ಮುಂದಿನ ರೂಪಾಯಿ ಮಾತ್ರೆಗೆ, ಸಾಬೂನಿಗೆ, ಚರಂಡಿಗೆ

ನನ್ನ ದೊಡ್ಡವ್ವನ ಬಲಗಾಲಿನಲ್ಲಿ ಹುಳು ಇರಲಿಲ್ಲ. ಇದ್ದದ್ದು ಎಂದೋ ಸತ್ತು ಹೋಗಿತ್ತು. ಉಳಿದಿದ್ದದ್ದು ಕಾಲು ಮಾತ್ರ: ಮೊಣಕಾಲಿನಿಂದ ಕೆಳಗೆ ಒಂದೇ ಸಮನೆ ಕಂಬದಂತೆ ಊದಿ, ಹಿಮ್ಮಡಿಯ ಮೇಲೆ ಮಡಿಕೆ ಬಿದ್ದು, ಬೆರಳುಗಳ ಸಂದು ಮುಚ್ಚಿಹೋಗಿ, ಚರ್ಮ ಹಲಸಿನ ಸಿಪ್ಪೆಯಂತೆ ಒರಟಾಗಿತ್ತು. ಮಳೆಗಾಲದಲ್ಲಿ ಹೊಲದ ಕೆಸರಿನಲ್ಲಿ ನಿಂತು ಬಂದ ರಾತ್ರಿ ಚಳಿ ಹಿಡಿದು, ಜ್ವರವೇರಿ, ಕಾಲು ಕೆಂಡದಂತೆ ಕಾದು, ನಾಲ್ಕೈದು ದಿನ ಮಂಚ ಬಿಟ್ಟು ಏಳುತ್ತಿರಲಿಲ್ಲ. ಅಂಥ ಒಂದೊಂದು ಜ್ವರಕ್ಕೂ ಕಾಲು ಇನ್ನಷ್ಟು ದಪ್ಪವಾಗುತ್ತಿತ್ತು. ಮದುವೆ ಮುಂಜಿಗೆ ಕರೆದರೂ ಹೋಗುತ್ತಿರಲಿಲ್ಲ; ಹೋದರೆ ಸೆರಗನ್ನು ಪಾದದವರೆಗೆ ಎಳೆದುಕೊಂಡು ಗೋಡೆಗೆ ಆತು ಕೂತಿರುತ್ತಿದ್ದಳು.

ಆ ಜ್ವರಕ್ಕೆ ಕಾರಣ ಹುಳು ಅಲ್ಲ, ಬೆರಳ ಸಂದಿನ ಬಿರುಕಿನಿಂದ ಒಳಹೊಕ್ಕ ಸಾಮಾನ್ಯ ಬ್ಯಾಕ್ಟೀರಿಯಾ ಎಂಬುದು ನನಗೆ ಗೊತ್ತಾದದ್ದು ಬೆಂಗಳೂರಿಗೆ ಬಂದು ಪುಸ್ತಕ ಓದಿದ ಮೇಲೆ. ಅದಕ್ಕೆ ಬೇಕಾದದ್ದು ದಿನವೂ ಸಾಬೂನು ಹಾಕಿ ತೊಳೆಯುವುದು, ಬೆರಳ ಸಂದನ್ನು ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ ಒಣಗಿಸುವುದು, ಬಿರುಕಿಗೆ ಮುಲಾಮು, ಕೂತಾಗ ಮಲಗಿದಾಗ ಕಾಲನ್ನು ಎತ್ತರದಲ್ಲಿಡುವುದು, ಚಪ್ಪಲಿ ಮೆಟ್ಟುವುದು. ಒಂದು ದೀಪಾವಳಿಗೆ ಊರಿಗೆ ಹೋದಾಗ ಬಚ್ಚಲ ಕಲ್ಲಿನ ಮೇಲೆ ಕೂರಿಸಿ ನಾನೇ ತೊಳೆದೆ. ಮುಚ್ಚಿದ ಸಂದಿನೊಳಗೆ ಬೆರಳು ಹೋಗದು. ಬಟ್ಟೆಯ ಅಂಚನ್ನು ಬತ್ತಿಯಂತೆ ಹೊಸೆದು ಒಂದೊಂದೇ ಸಂದಿನಲ್ಲಿ ಎಳೆದರೆ ಬೆಳ್ಳಗೆ ನೆನೆದ ಚರ್ಮ ಕಿತ್ತು ಬರುತ್ತಿತ್ತು. ಎರಡೂ ಪಾದ ಮುಗಿಸುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಸೊಸೆಗೆ ಕಲಿಸಿ ಬಂದೆ. ಮುಂದಿನ ಮಳೆಗಾಲದಲ್ಲಿ ಜ್ವರ ಒಂದೇ ಸಲ ಬಂತು. ಆಕೆಗೆ ಅರವತ್ತೈದು ದಾಟಿತ್ತು. ಮೂವತ್ತು ವರ್ಷ ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ.

ಜಗತ್ತಿನಲ್ಲಿ ಸುಮಾರು 1.5 ಕೋಟಿ ಜನ ಹೀಗೆ ಊದಿದ ಕಾಲನ್ನು ಹೊತ್ತು, 2.5 ಕೋಟಿ ಗಂಡಸರು ವೃಷಣದಲ್ಲಿ ನೀರು ತುಂಬಿದ ಬಾವನ್ನು ಹೊತ್ತು ಬದುಕುತ್ತಿದ್ದಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ವೃಷಣದ ಬಾವಿಗೆ ಶಸ್ತ್ರಚಿಕಿತ್ಸೆಯಿದೆ, ತಾಲ್ಲೂಕು ಆಸ್ಪತ್ರೆಯಲ್ಲೂ ಆಗಬಹುದಾದದ್ದು. ಕಾಲಿಗೆ ಆರೈಕೆಯಿದೆ, ನಮ್ಮ ಗಡಿಯಾಚೆಯ ಕಾಸರಗೋಡಿನ ಅನ್ವಯಿಕ ಚರ್ಮರೋಗ ಸಂಸ್ಥೆಯವರು ಆಯುರ್ವೇದದ ಲೇಪ, ಯೋಗದ ಚಲನೆ, ಬಿಗಿಪಟ್ಟಿ ಇವನ್ನು ಕೂಡಿಸಿ ಊತ ಇಳಿಸುವ ಕ್ರಮವನ್ನು ಬೆಳೆಸಿದ್ದಾರೆ. ನಾಳೆ ಬೆಳಿಗ್ಗೆ ಎಲ್ಲ ಹುಳುಗಳನ್ನೂ ಕೊಲ್ಲುವ ಅದ್ಭುತ ಮಾತ್ರೆ ಬಂದರೂ ಇವರ ಕಾಲು ಮೊದಲಿನಂತಾಗುವುದಿಲ್ಲ. ಹುಳುವಿನ ಜೀನುಗಳಿಗೆ ಹೋಗುವ ಹಣದ ಲೆಕ್ಕದಲ್ಲಿ ಈ ಕಾಲುಗಳು ಬರುವುದೇ ಇಲ್ಲ.

ಹೊಸ ಸೋಂಕನ್ನು ತಡೆಯುವ ಮಾತಿಗೆ ಬಂದರೂ ತಿಳಿವಳಿಕೆಯ ಕೊರತೆಯಿಂದ ಕೆಲಸ ನಿಂತಿಲ್ಲ. ಚೀನಾ ಡಿಇಸಿ ಬೆರೆಸಿದ ಉಪ್ಪನ್ನು ಹಂಚಿ, ಮಾತ್ರೆ ಕೊಟ್ಟು, 2007ರಲ್ಲಿ ಈ ರೋಗದಿಂದ ಮುಕ್ತವೆಂಬ ಮನ್ನಣೆ ಪಡೆಯಿತು. ಬ್ರುಗಿಯಾದ ಜೀನೋಮ್ ಪ್ರಕಟವಾದದ್ದೂ ಅದೇ 2007ರಲ್ಲಿ. ಶ್ರೀಲಂಕಾ, ಥಾಯ್ಲೆಂಡ್, ಟೋಗೊ, ಮಲಾವಿ, 2023ರಲ್ಲಿ ಬಾಂಗ್ಲಾದೇಶ. ಇವರಾರೂ ಹೊಸ ಔಷಧಕ್ಕಾಗಿ ಕಾಯಲಿಲ್ಲ. ಜಾಗತಿಕ ಕಾರ್ಯಕ್ರಮ 2000ದಲ್ಲಿ ಆರಂಭವಾದ ಮೇಲೆ 2018ರ ಹೊತ್ತಿಗೆ ಸೋಂಕಿತರ ಸಂಖ್ಯೆ ನೂರಕ್ಕೆ 74ರಷ್ಟು ಇಳಿದು 5.1 ಕೋಟಿಗೆ ಬಂತು, ಅದೂ ಹಳೆಯ ಔಷಧಗಳಿಂದಲೇ. ಇಂದು ನಮ್ಮ ಕೈಯಲ್ಲಿ ಇನ್ನೂ ಹರಿತವಾದ ಆಯುಧವಿದೆ. ಪಪುವಾ ನ್ಯೂಗಿನಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಐವರ್ಮೆಕ್ಟಿನ್, ಡಿಇಸಿ, ಅಲ್ಬೆಂಡಜೋಲ್ ಮೂರನ್ನೂ ಒಂದೇ ಸಲ ನುಂಗಿದವರಲ್ಲಿ ನೂರಕ್ಕೆ 96 ಜನರ ರಕ್ತದಲ್ಲಿ ಮೂರು ವರ್ಷದ ನಂತರವೂ ಮರಿಹುಳು ಸಿಗಲಿಲ್ಲ. ಅದು ಜನಸಾಮಾನ್ಯರಿಗೆ ಸುರಕ್ಷಿತವೇ ಎಂದು ಐದು ದೇಶಗಳಲ್ಲಿ 26,000ಕ್ಕೂ ಹೆಚ್ಚು ಜನರಲ್ಲಿ ನೋಡಿದರು. ಭಾರತದಲ್ಲಿ ಆ ಅಧ್ಯಯನ ನಡೆದದ್ದು ನಮ್ಮ ಯಾದಗಿರಿಯಲ್ಲಿ. ಜೋಳದ ಹೊಲದಿಂದ ಬಂದು ಕೈಯೊಡ್ಡಿ ಮಾತ್ರೆ ನುಂಗಿ, ಜ್ವರ ಬಂತೋ ಇಲ್ಲವೋ ಎಂದು ದಿನಗಟ್ಟಲೆ ವರದಿ ಕೊಟ್ಟ ಆ ಜನರಿಗೆ ಜಗತ್ತಿನ ಎಷ್ಟು ದೇಶಗಳು ಋಣಿಯಾಗಿವೆ ಎಂಬುದು ಅವರಿಗೆ ಗೊತ್ತಿರಲಿಕ್ಕಿಲ್ಲ. ಸಂಶೋಧನೆ ಎಂದರೆ ಅದೂ ಸಂಶೋಧನೆಯೇ, ಮತ್ತು ನನ್ನ ಮಟ್ಟಿಗೆ ಈ ರೋಗದಲ್ಲಿ ಇತ್ತೀಚೆಗೆ ಆದ ಎಲ್ಲಕ್ಕಿಂತ ಉಪಕಾರದ ಸಂಶೋಧನೆ.

ಹಾಗಾದರೆ ಎಲ್ಲಿ ಎಡವುತ್ತಿದ್ದೇವೆ? ಮಾತ್ರೆ ಕೈಗೆ ಬರುವುದಕ್ಕೂ ಗಂಟಲಿನಿಂದ ಇಳಿಯುವುದಕ್ಕೂ ನಡುವೆ. ಕೆಲವು ವರ್ಷಗಳ ಹಿಂದೆ ಊರಿನಲ್ಲಿದ್ದಾಗ ನಮ್ಮ ಪಡಸಾಲೆಗೆ ಆಶಾ ಕಾರ್ಯಕರ್ತೆ ಬಂದಳು. ಎಡಗೈಯಲ್ಲಿ ಎತ್ತರ ಅಳೆಯುವ ಕೋಲು, ಬಗಲಲ್ಲಿ ಮಾತ್ರೆಯ ಚೀಲ, ಬೆರಳಿಗೆ ಗುರುತು ಹಾಕುವ ಪೆನ್ನು. ಐವರ್ಮೆಕ್ಟಿನನ್ನು ಎತ್ತರ ನೋಡಿ ಕೊಡಬೇಕು, ಡಿಇಸಿಯನ್ನು ವಯಸ್ಸು ನೋಡಿ, ಎರಡು ವರ್ಷದೊಳಗಿನ ಮಗುವಿಗೂ ಬಸುರಿಗೂ ತೀವ್ರ ಕಾಯಿಲೆಯವರಿಗೂ ಏನನ್ನೂ ಕೊಡುವಂತಿಲ್ಲ, ಬರಿಹೊಟ್ಟೆಯಲ್ಲಿ ನುಂಗಿಸಬಾರದು. ಇಷ್ಟನ್ನೂ ನೆನಪಿಟ್ಟುಕೊಂಡು ಆಕೆ ದಿನಕ್ಕೆ ಹತ್ತಾರು ಮನೆ ತಿರುಗಬೇಕು. ನಮ್ಮ ಕಾಕಾ ಮಾತ್ರೆಗಳನ್ನು ಅಂಗಿಯ ಕಿಸೆಗೆ ಇಳಿಸುತ್ತ, "ನಂಗೇನಾಗ್ಯಾದವಾ? ಜಡ್ಡಿಲ್ಲ, ಜಾಪತ್ರಿಲ್ಲ. ಆಮ್ಯಾಲ ತಗೋತೀನಿ ಬಿಡು" ಎಂದರು. ಆಕೆ ಅಲುಗಲಿಲ್ಲ. "ಇಲ್ಲೇ ತಗೋರಿ ಕಾಕಾ, ನನ್ನ ಮುಂದನ ತಗೋರಿ, ನೀರು ನಾ ತರ್ತೀನಿ" ಎಂದು ತಾನೇ ತಂಬಿಗೆ ತಂದು ನಿಂತಳು. ಅಂದು ನಮ್ಮ ಮನೆಯಲ್ಲಿ ಏಳು ಜನ ನುಂಗಿದರು. ಪಕ್ಕದ ಮನೆಯಲ್ಲಿ ಮೂವರು ಹೊಲಕ್ಕೆ ಹೋಗಿದ್ದರು, ಇಬ್ಬರು ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದರು. ಅವರ ಪಾಲಿನ ಮಾತ್ರೆಗಳು ಗೂಡಿನಲ್ಲಿ ದೇವರ ಪಟದ ಹಿಂದೆ ಕೂತವು.

ಆರೋಗ್ಯವಂತನಂತೆ ಕಾಣುವವನೇ ನುಂಗಬೇಕಾದ ಮಾತ್ರೆ ಇದು. ರೋಗ ಹರಡುವುದು ಕಾಲು ಊದಿದವರಿಂದಲ್ಲ, ರಕ್ತದಲ್ಲಿ ಮರಿಗಳಿದ್ದೂ ಏನೂ ಅರಿಯದೆ ಓಡಾಡುವವರಿಂದ. ಮರಿಗಳು ಒಮ್ಮೆಗೇ ಸತ್ತಾಗ ಅಂಥವರಿಗೇ ಜ್ವರ, ತಲೆಸುತ್ತು, ವಾಂತಿ ಬರುತ್ತವೆ. ಮಾತ್ರೆ ಕೆಲಸ ಮಾಡಿದ್ದರ ಲಕ್ಷಣ ಅದು. ಊರಿನ ಬಾಯಲ್ಲಿ ಅದು "ಸರ್ಕಾರದ ಗುಳಿಗೆ ನುಂಗಿ ಬಿದ್ದ" ಎಂದಾಗುತ್ತದೆ, ಮರುವರ್ಷ ಆ ಓಣಿಯವರು ಬಾಗಿಲು ತೆರೆಯುವುದಿಲ್ಲ. ಒಟ್ಟು ಜನಸಂಖ್ಯೆಯ ನೂರಕ್ಕೆ 65 ಮಂದಿಯಾದರೂ ನಿಜವಾಗಿ ನುಂಗಿದರೆ ಮಾತ್ರ ಹರಡುವಿಕೆ ಮುರಿಯುತ್ತದೆ. 1955ರಲ್ಲಿ ರಾಷ್ಟ್ರೀಯ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು, 2002ರ ಆರೋಗ್ಯ ನೀತಿ 2015ರ ಗಡುವು ಹಾಕಿತು, 2004ರಿಂದ ಸಾಮೂಹಿಕ ಮಾತ್ರೆ ವಿತರಣೆ ನಡೆದಿದೆ. ಗಡುವು ಜಾರುತ್ತ ಜಾರುತ್ತ 2027ಕ್ಕೆ ಬಂದು ನಿಂತಿದೆ. ಜಾರಿದ ಪ್ರತಿ ಸಲವೂ ಮಾತ್ರೆ ಇತ್ತು. ಅದನ್ನು ಮನೆಯ ಒಳಗೆ ಬಂದು, ನೀರು ತಂದುಕೊಟ್ಟು, ನುಂಗುವವರೆಗೆ ನಿಲ್ಲುವ ಒಬ್ಬಳಿಗೆ ಕೊಡುವ ಗೌರವಧನವಾಗಲಿ, ಜ್ವರ ಬಂದವನ ಮನೆಗೆ ಅದೇ ರಾತ್ರಿ ಹೋಗಿ ಧೈರ್ಯ ಹೇಳುವ ವೈದ್ಯನಾಗಲಿ ಸಾಲದೆ ಹೋದದ್ದು.

ಪ್ರಯೋಗಾಲಯದವರ ಬಗ್ಗೆ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ, ನಾನೂ ಅವರಲ್ಲೊಬ್ಬಳು. ಎಂ.ಫಿಲ್. ಮಾಡುವಾಗ ಕಸಾಯಿಖಾನೆಯಿಂದ ದನದ ಹೊಟ್ಟೆಯೊಳಗಿನ ಸೆಟೇರಿಯಾ ಹುಳುಗಳನ್ನು ಉಪ್ಪುನೀರಿನ ಫ್ಲಾಸ್ಕಿನಲ್ಲಿ ತಂದು, ಗಿಡಗಳ ಕಷಾಯದಲ್ಲಿ ಬಿಟ್ಟು, ಎಷ್ಟು ಗಂಟೆಗೆ ಅವುಗಳ ಚಲನೆ ನಿಲ್ಲುತ್ತದೆ ಎಂದು ಬರೆದುಕೊಳ್ಳುತ್ತಿದ್ದೆ. ಅದು ಆನೆಕಾಲಿನ ಹುಳುವಿನ ದೂರದ ನೆಂಟ. ಬಟ್ಟಲಿನಲ್ಲಿ ಹುಳು ಸತ್ತಿತು, ಲೇಖನ ಅಚ್ಚಾಯಿತು, ನನಗೆ ಪದವಿ ಬಂತು. ಆ ಕಷಾಯ ಮನುಷ್ಯನ ಹೊಟ್ಟೆಗೆ ಒಂದು ಹನಿಯೂ ಹೋಗಲಿಲ್ಲ. ಆ ಎರಡು ವರ್ಷಗಳಲ್ಲೇ ದೊಡ್ಡವ್ವನಿಗೆ ಹೆಚ್ಚು ಸಲ ಜ್ವರ ಬಂದದ್ದು, ಬೆರಳ ಸಂದು ಒರೆಸಬೇಕೆಂದು ನನಗೂ ಆಗ ಗೊತ್ತಿರಲಿಲ್ಲ. ಇದನ್ನು ನೆನೆದಾಗ ನನಗೆ ಇಂದಿಗೂ ಸಂಕಟವಾಗುತ್ತದೆ. ಬಟ್ಟಲಿನ ಹುಳುವಿನಿಂದ ಜರ್ಬಿಲಿನ ಹುಳುವಿಗೆ, ಅಲ್ಲಿಂದ ಮನುಷ್ಯನಿಗೆ ಬರಲು ಬೇಕಾಗುವ ಕಾಲ ಭಾರತದ 2027ರ ಗಡುವಿಗೂ ವಿಶ್ವ ಆರೋಗ್ಯ ಸಂಸ್ಥೆಯ 2030ರ ಗಡುವಿಗೂ ಹೊಂದುವುದಿಲ್ಲ ಎಂಬುದನ್ನು ಅರ್ಜಿ ಬರೆಯುವಾಗಲೇ ನಾವು ಒಪ್ಪಿಕೊಳ್ಳಬೇಕು.

ಸೊಳ್ಳೆಯ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಕ್ಯುಲೆಕ್ಸ್ ಮೊಟ್ಟೆಯಿಡುವುದು ಕೊಳೆತ ನೀರಿನಲ್ಲಿ. ನಮ್ಮ ಮನೆಯ ಹಿಂದಿನ ರಾಜಕಾಲುವೆಯಲ್ಲಿ ಸಂಜೆ ಆರಕ್ಕೆ ಏಳುವ ಹಿಂಡು ಅದೇ. ಬೆಂಗಳೂರು ಈ ರೋಗದ ನೆಲೆಯಲ್ಲ, ಹುಳು ನೆಲೆಯೂರಲು ಸೋಂಕಿದ ಸೊಳ್ಳೆ ಒಂದೆರಡು ಸಲ ಕಚ್ಚಿದರೆ ಸಾಲದು, ನೂರಾರು ಸಾವಿರಾರು ಸಲ ಕಚ್ಚಬೇಕು. ಭಯ ಹುಟ್ಟಿಸುವ ಮಾತಲ್ಲ. ಆದರೂ ಯಾದಗಿರಿ, ಕಲಬುರಗಿ, ಬಿಹಾರ, ಒಡಿಶಾಗಳಿಂದ ಬಂದ ಗಾರೆ ಕೆಲಸದವರ ತಗಡಿನ ಶೆಡ್ಡುಗಳು ಅದೇ ಕಾಲುವೆಯ ದಂಡೆಯಲ್ಲಿವೆ, ಊರಿನ ಮಾತ್ರೆ ದೇವರ ಪಟದ ಹಿಂದೆ ಉಳಿದದ್ದು ಅವರದ್ದೇ. ಪುದುಚೇರಿಯ ವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದವರು 1981ರಿಂದ 1985ರವರೆಗೆ ಚರಂಡಿ, ಬಾವಿ, ಹೊಂಡಗಳನ್ನು ಸರಿಪಡಿಸಿ ಸೊಳ್ಳೆ ಇಳಿಸಿ ತೋರಿಸಿದರು. ಜಾಂಜಿಬಾರಿನಲ್ಲಿ ಶೌಚಗುಂಡಿಯ ನೀರಿನ ಮೇಲೆ ಥರ್ಮೊಕೋಲಿನ ಮಣಿಗಳನ್ನು ತೇಲಿಬಿಟ್ಟು ಅದನ್ನೇ ಸಾಧಿಸಿದರು. ಇಷ್ಟು ಅಗ್ಗದ ವಿದ್ಯೆ ನಮ್ಮ ಹತ್ತಿರವಿದೆ.

ಪರ ಪಕ್ಷದಲ್ಲಿ ಹೇಳಿದ ಒಂದನ್ನು ಮಾತ್ರ ನಾನು ಇಲ್ಲಿಯೂ ಬಿಟ್ಟುಕೊಡಲಾರೆ: ಪರೀಕ್ಷಾ ಪಟ್ಟಿಗಳ ಕೆಲಸ, ಸೊಳ್ಳೆಗಳಲ್ಲಿ ಹುಳುವಿನ ಡಿಎನ್ಎ ಹುಡುಕುವ ಕೆಲಸ ನಿಲ್ಲಬಾರದು, ಅದಕ್ಕೆ ಬೆಂಗಳೂರಿನ ಯಂತ್ರಗಳು ಬೇಕು. ಉಳಿದಂತೆ, ಈ ಮೂರು ನಾಲ್ಕು ವರ್ಷ, ಹೊಸ ಔಷಧದ ಹುಡುಕಾಟಕ್ಕೆ ಕೊಡುವ ಹಣಕ್ಕಿಂತ ಮೊದಲು ಕಾಕಾನ ಕಿಸೆಯಲ್ಲಿರುವ ಮಾತ್ರೆಗೂ ದೊಡ್ಡವ್ವನಂಥವರ ಬಚ್ಚಲಿಗೂ ಹಣ ಹೋಗಲಿ ಎನ್ನುತ್ತೇನೆ.

ವಿದ್ಯಾರ್ಥಿನಿಗೆ ಎರಡನ್ನೂ ಓದಲು ಕೊಟ್ಟೆ. ಅರ್ಜಿ ತುಂಬುವ ಮೊದಲು, ಮಾತ್ರೆ ಅಭಿಯಾನ ನಡೆಯುವ ಯಾವುದಾದರೊಂದು ಜಿಲ್ಲೆಗೆ ಹೋಗಿ ವಾರ ಕಾಲ ಆಶಾ ಕಾರ್ಯಕರ್ತೆಯ ಹಿಂದೆ ಚೀಲ ಹಿಡಿದು ಮನೆಮನೆ ತಿರುಗಲು ಹೇಳಿದ್ದೇನೆ. ಯಾದಗಿರಿಯ ಮೇಲೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಹೊತ್ತು ಕೇಳಿಕೊಂಡು ಹೋಗಿದ್ದಾಳೆ.